ಓಣಿಯನ್ನು ನಿಲ್ಲಿಸಿದ ಗಂಡ

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನನ್ನ ಎದೆಯ ಎಲುಬು ಕೊಯ್ದು, ಕಾಲಿನ ನರ ತೆಗೆದು ಹೃದಯಕ್ಕೆ ಜೋಡಿಸಿ, ಮತ್ತೆ ತಂತಿ ಹಾಕಿ ಬಿಗಿದು ಮನೆಗೆ ಕಳಿಸುವಾಗ ಡಾಕ್ಟರು ಎರಡು ಮಾತು ಹೇಳಿದರು. ಭಾರ ಎತ್ತಬಾರದು. ಸಿಟ್ಟು ಮಾಡಿಕೊಳ್ಳಬಾರದು. ಭಾರದ ಮಾತು ಪಾಲಿಸಿದೆ. ಸಿಟ್ಟಿನ ಮಾತು ಹೇಳಿದವರು ನನ್ನನ್ನು ನೋಡಿ ಹೇಳಿರಲಿಲ್ಲ, ಎಲ್ಲರಿಗೂ ಹೇಳುವುದನ್ನೇ ಹೇಳಿದ್ದರು.

ಯಲಬುರ್ಗಾದ ನಮ್ಮ ಓಣಿಯಲ್ಲಿ ನಲ್ಲಿಯ ಮುಂದೆ ಯಾರೂ ಸಾಲು ಮುರಿದು ಕೊಡ ಇಡುವುದಿಲ್ಲ. ಅದು ನನ್ನ ಬಾಯಿಯ ಕೆಲಸ. ಹಾಲಿನವನು ನೀರು ಬೆರೆಸಿದರೆ, ಚರಂಡಿಯವರು ಹೂಳು ತೆಗೆದು ಮನೆ ಮುಂದೆಯೇ ಗುಡ್ಡೆ ಹಾಕಿ ಹೋದರೆ, ಜನ ಬಂದು ನನಗೆ ಹೇಳುತ್ತಿದ್ದರು. ನಾನು ಬಾಗಿಲಿಗೆ ಬಂದು ನಿಂತರೆ ಸಾಕಾಗುತ್ತಿತ್ತು. ಅಂಥವಳಿಗೆ ಆಸ್ಪತ್ರೆಯವರು ಒಂದು ದಿಂಬು ಕೊಟ್ಟರು. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವಚಿ ಕೆಮ್ಮಬೇಕು. ಸೀನು ಬಂದರೂ ಹಾಗೆ. ಮನೆಗೆ ಬಂದ ಹೊಸದರಲ್ಲಿ ಒಮ್ಮೆ ಹಾಲಿನವನನ್ನು ಬೈಯಲು ಹೋಗಿ, ಎದೆಯೊಳಗೆ ತಂತಿ ಜಗ್ಗಿದಂತಾಗಿ ಕಣ್ಣು ಕತ್ತಲೆ ಬಂತು. ಆಮೇಲೆ ಬೈಯುವುದಿದ್ದರೂ ದಿಂಬು ಹುಡುಕುವಂತಾಯಿತು. ದಿಂಬು ಅಪ್ಪಿಕೊಂಡು ಬೈಯುವ ಹೆಂಗಸಿಗೆ ಯಾರು ಹೆದರುತ್ತಾರೆ? ಹಾಲಿನವನು ನಕ್ಕುಬಿಟ್ಟ. ಮರುದಿನ ಹಾಲು ಇನ್ನೂ ತೆಳ್ಳಗಿತ್ತು.

ನನ್ನ ಯಜಮಾನರು ದೇವೇಂದ್ರಪ್ಪ. ಬಸ್ ಸ್ಟ್ಯಾಂಡಿನ ಹತ್ತಿರ ಟೇಲರ್ ಅಂಗಡಿ ಇಟ್ಟಿದ್ದಾರೆ. ಶಾಲೆ ಮಕ್ಕಳ ಯೂನಿಫಾರ್ಮು, ಗಂಡಸರ ಅಂಗಿ, ಪೈಜಾಮ. ಹೆಣ್ಣುಮಕ್ಕಳ ಬಟ್ಟೆಗೆ ಕೈ ಹಾಕುವುದಿಲ್ಲ. ಮದುವೆಯಾದಾಗಿನಿಂದ ನನ್ನ ಕುಪ್ಪಸ ಹೊಲಿದದ್ದು ಬೇರೆಯವರೇ. ಮನೆಯಲ್ಲಿ ಟೇಲರ್ ಇದ್ದೂ ಹೊರಗೆ ಹೊಲಿಸುತ್ತೀಯಲ್ಲ ಎಂದು ಜನ ಚೇಷ್ಟೆ ಮಾಡಿದರೆ ಅವರು ತಲೆ ತಗ್ಗಿಸಿ ನಗುತ್ತಿದ್ದರು.

ಆಪರೇಷನ್ ಆಗಿ ಬಂದ ಮೇಲೆ ನನ್ನ ಹಳೆಯ ಕುಪ್ಪಸ ಒಂದೂ ತೊಡಲು ಬರಲಿಲ್ಲ. ಹುಕ್ಕುಗಳ ಸಾಲು ಸರಿಯಾಗಿ ಗಾಯದ ಮೇಲೆಯೇ ಬರುತ್ತಿತ್ತು. ಉರಿ ತಡೆಯಲಾರದೆ ಒಂದು ದಿನ ಕುಪ್ಪಸ ಕಿತ್ತು ಎಸೆದು ಬರೀ ಸೆರಗು ಸುತ್ತಿಕೊಂಡು ಕುಳಿತಿದ್ದೆ. ಅವರು ಅದನ್ನು ಎತ್ತಿಕೊಂಡು ಅಂಗಡಿಗೆ ಹೋದರು. ಸಂಜೆ ತಂದುಕೊಟ್ಟಾಗ ಹುಕ್ಕು ಮಗ್ಗುಲಿಗೆ ಸರಿದಿದ್ದವು. ಕೊರಳು ಮೇಲೆ ಏರಿತ್ತು, ಗಾಯದ ತುದಿ ಕಾಣದ ಹಾಗೆ. ಒಳಗೆ ತಮ್ಮ ಹಳೆಯ ಧೋತರದ ಮೆತ್ತನೆಯ ಬಟ್ಟೆ ಕೊಟ್ಟು ಹೊಲಿದಿದ್ದರು.

"ಅಳತಿ ತಗೋಬೇಕಿತ್ತಲ್ರಿ," ಎಂದೆ.

"ಬ್ಯಾಡ. ಗೊತ್ತೈತಿ," ಎಂದು ಅಡುಗೆಮನೆಗೆ ಹೋಗಿಬಿಟ್ಟರು. ಐವತ್ತು ದಾಟಿದ ಗಂಡಸಿನ ಕಿವಿ ಕೆಂಪಾಗಿತ್ತು.

ಇಷ್ಟು ಒಳ್ಳೆಯವರು. ಒಳ್ಳೆಯತನ ಅತಿಯಾದರೆ ಜೊತೆಗಿರುವವರಿಗೆ ಉಸಿರು ಕಟ್ಟುತ್ತದೆ ಎಂಬುದು ಅವರಿಗೆ ಹೊಳೆಯಲಿಲ್ಲ. ನಾನು ಲೋಟ ಎತ್ತಿದರೆ "ಬ್ಯಾಡ." ಕಸಬರಿಗೆ ಮುಟ್ಟಿದರೆ "ಬ್ಯಾಡ." ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ನಿಂತು ಕೆಮ್ಮುತ್ತಿದ್ದರು, ನಾನು ತಿರುಗಿ ದನಿ ಕೊಟ್ಟರೆ ಜೀವ ಇದೆ ಎಂದು ತಿಳಿಯಲಿ ಅಂತ. ಮೊದಲು ಪಲ್ಯ ಖಾರವಾದರೆ ತಾಟು ಸರಿಸಿ ಎದ್ದು ಹೋಗುತ್ತಿದ್ದವರು, ಈಗ ನಾನು ಏನೇ ಅಂದರೂ ಬೀಗರ ಮನೆಗೆ ಬಂದವರಂತೆ ತಲೆ ಆಡಿಸುತ್ತಿದ್ದರು. ರಾತ್ರಿ ಹಾಸಿಗೆ ಎತ್ತಿಕೊಂಡು ಪಡಸಾಲೆಗೆ ಹೋಗಿ ಮಲಗುತ್ತಿದ್ದರು. ನಿದ್ದೆಗಣ್ಣಿನಲ್ಲಿ ಕೈ ನನ್ನ ಎದೆಯ ಮೇಲೆ ಬಿದ್ದರೆ ಎಂಬ ಅಂಜಿಕೆ. ನಾನು ಅಂಗಾತ ಮಲಗಿ ಜಂತಿ ನೋಡುತ್ತಿದ್ದೆ. ಮಗ್ಗುಲಾಗಲು ನನಗೂ ಬರುತ್ತಿರಲಿಲ್ಲ, ಆದರೂ ಮಗ್ಗುಲಲ್ಲಿ ಯಾರೂ ಇಲ್ಲದ್ದು ಬೇರೆ. ಕಾರಣವಿಲ್ಲದೆ ಅಳು ಬರುತ್ತಿತ್ತು. ತವರಿನವರು ಸತ್ತಾಗಲೂ ನಾನು ಅಷ್ಟು ಅತ್ತವಳಲ್ಲ.

ಎಲ್ಲಕ್ಕಿಂತ ಹೆಚ್ಚು ನೋಯಿಸಿದ್ದು ರೊಟ್ಟಿ.

ನಮ್ಮ ಓಣಿಯಲ್ಲಿ ರೊಟ್ಟಿ ಎಂದರೆ ಗುರುಲಿಂಗಮ್ಮ, ಅಂದರೆ ನಾನು. ಹೆಮ್ಮೆಗೆ ಹೇಳುತ್ತಿಲ್ಲ, ಯಾರನ್ನಾದರೂ ಕೇಳಿ. ಜೋಳದ್ದಾಗಲಿ ಸಜ್ಜೆಯದ್ದಾಗಲಿ, ನಾನು ಬಡಿದದ್ದು ಹಂಚಿನ ಅಗಲಕ್ಕೆ ಅಂಚು ಒಡೆಯದೆ ಬರುತ್ತದೆ. ಒಣಗಿಸಿ ಇಟ್ಟರೆ ತಿಂಗಳಾದರೂ ಗರಿಗರಿ. ಈಗ ಮನೆಗೆ ಬರುತ್ತಿದ್ದದ್ದು ಬಸ್ ಸ್ಟ್ಯಾಂಡಿನ ಕಡೆ ಮಾರುವ ರೊಟ್ಟಿ. ಅವನ್ನು ಮಾಡುವ ಹೆಂಗಸು ಪಾಪ, ಹೊಟ್ಟೆಪಾಡಿಗೆ ಮಾಡುತ್ತಾಳೆ. ಆದರೆ ರೊಟ್ಟಿಯ ನಡುವೆ ದಪ್ಪ, ಅಂಚು ಸೀಳು. ನಾನು ಪ್ರತಿ ತುತ್ತಿಗೂ ಒಂದು ಮಾತು ಆಡುತ್ತಿದ್ದೆ. ಯಜಮಾನರು, "ನಾಳಿಂದ ಬ್ಯಾರೆ ಕಡೆ ತರ್ತೀನಿ ಬಿಡು," ಎನ್ನುತ್ತಿದ್ದರು. ಬೇರೆ ಕಡೆಯಿಂದ ತಂದದ್ದು ಇನ್ನೂ ಕೆಟ್ಟದಿರುತ್ತಿತ್ತು.

ಮಣ್ಣೆತ್ತಿನ ಅಮಾವಾಸ್ಯೆ ಕಳೆದ ಮೇಲೆ ತೋರಿಸಲು ಹುಬ್ಬಳ್ಳಿಗೆ ಹೋದೆವು. ಡಾಕ್ಟರು ಚಿಕ್ಕ ವಯಸ್ಸಿನವರು, ಮಂಗಳೂರಿನ ಕಡೆಯವರು, ನಯವಾಗಿ ಮಾತಾಡುತ್ತಾರೆ. ಎಕ್ಸ್‌ರೇ ಫೋಟೋ ನೋಡಿ, ಎದೆ ಒತ್ತಿ ನೋಡಿ, "ಎಲುಬು ಚೆನ್ನಾಗಿ ಕೂಡಿದೆ ಅಮ್ಮ. ಇನ್ನು ಮನೆ ಕೆಲಸ ಒಂದೊಂದಾಗಿ ಶುರು ಮಾಡಿ. ನಡೆಯಿರಿ, ನಾಲ್ಕು ಜನರ ಜೊತೆ ಇರಿ," ಎಂದರು.

"ರೊಟ್ಟಿ ಮಾಡಬೌದೇನ್ರಿ?" ನಾನು ಮೊದಲು ಕೇಳಿದ್ದೇ ಅದು.

"ರೊಟ್ಟಿ ತಟ್ಟೋದಕ್ಕೇನಮ್ಮ, ಧಾರಾಳವಾಗಿ ಮಾಡಿ."

ನನ್ನ ಜೀವ ಹಗುರಾಯಿತು. ಏಳಲು ಹೊರಟಿದ್ದೆ. ಆಗ ಯಜಮಾನರು ಗಂಟಲು ಸರಿಮಾಡಿಕೊಂಡರು. ಸುಳ್ಳು ಹೇಳುವುದು ಅವರ ಜಾಯಮಾನದಲ್ಲೇ ಇಲ್ಲ. ಯಾರಾದರೂ ತಪ್ಪು ತಿಳಿದುಕೊಂಡರೆ ಹಾಗೆಯೇ ಬಿಡುವುದೂ ಅವರಿಂದ ಆಗುವುದಿಲ್ಲ.

"ಸಾಹೇಬ್ರ, ತಟ್ಟೂದಲ್ರಿ. ಬಡಿಯೂದು," ಎಂದರು.

"ಅಂದರೆ?"

ಯಜಮಾನರು ಎದ್ದು ನಿಂತು ಅಂಗಿಯ ತೋಳು ಏರಿಸಿದರು. ಡಾಕ್ಟರ ಮೇಜಿನ ಮೇಲಿನ ಕಾಗದ ಸರಿಸಿದರು. ಮೊದಲು ಅಂಗೈಯ ಬುಡದಿಂದ ಹಿಟ್ಟು ನಾದುವ ಹಾಗೆ ಮೇಜನ್ನು ಒತ್ತಿದರು, ಹೆಗಲಿನ ಬಲ ಎಲ್ಲ ಹಾಕಿ. ಆಮೇಲೆ ಬಡಿಯತೊಡಗಿದರು. ಠಪ್ ಠಪ್ ಠಪ್. ಪೆನ್ನಿನ ಡಬ್ಬಿ ಕುಣಿಯಿತು. ಹೊರಗಿನಿಂದ ನರ್ಸು ಇಣುಕಿದಳು.

"ಇಷ್ಟು ಜೋರಾಗಿಯಾ?" ಡಾಕ್ಟರು ಹಿಂದೆ ಸರಿದಿದ್ದರು.

"ಈಕಿ ಇದಕ್ಕಿಂತ ಜೋರ ಬಡಿತಾಳ್ರಿ."

ಡಾಕ್ಟರು ನನ್ನನ್ನು ನೋಡಿದರು, ನನ್ನ ಕೈಗಳನ್ನು ನೋಡಿದರು. "ಹಾಗಾದ್ರೆ ಇನ್ನೊಂದೆರಡು ತಿಂಗಳು ಬೇಡಮ್ಮ. ಮುಂದಿನ ಸಲ ಬಂದಾಗ ನೋಡೋಣ."

ಬಸ್ಸಿನಲ್ಲಿ ಕುಕನೂರು ಬರುವವರೆಗೆ ನಾನು ಅವರ ಜೊತೆ ಮಾತಾಡಲಿಲ್ಲ. ಕಿಟಕಿಯ ಹೊರಗೆ ಹೆಸರಿನ ಬೆಳೆ ಹಸಿರಾಗಿತ್ತು. ಅವರು ಬಾಳೆಹಣ್ಣು ಸುಲಿದು ಮುಂದೆ ಹಿಡಿದರು. ನಾನು ತೆಗೆದುಕೊಳ್ಳಲಿಲ್ಲ. ಕೊನೆಗೆ ತಾವೇ ತಿಂದರು, ಬಹಳ ಸಣ್ಣಗೆ ಕಚ್ಚಿ ಕಚ್ಚಿ.

ಎರಡು ತಿಂಗಳು ಎಂದರೆ ನಡುವೆ ಪಂಚಮಿ ಬರುತ್ತದೆ. ಪಂಚಮಿಯ ಮುಂಚೆ ರೊಟ್ಟಿ ಹಬ್ಬ.

ನಮ್ಮ ಕಡೆ ನಾಗಪ್ಪನಿಗೆ ಹಾಲೆರೆಯುವ ದಿನ ಒಲೆಯ ಮೇಲೆ ಹಂಚು ಇಡುವುದಿಲ್ಲ. ಅದಕ್ಕೆ ಹಿಂದಿನ ದಿನವೇ ರೊಟ್ಟಿ ಬಡಿದು ಇಡುತ್ತೇವೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಕಡಕ್ ರೊಟ್ಟಿ, ಜೊತೆಗೆ ಮಡಕಿಕಾಳು, ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ. ಬಡಿದದ್ದು ಮನೆಯಲ್ಲೇ ಇರುವುದಿಲ್ಲ. ತಾಟಿನಲ್ಲಿ ಹಾಕಿ, ಮೇಲೆ ಬಟ್ಟೆ ಮುಚ್ಚಿ, ಓಣಿಯ ಮನೆಮನೆಗೆ ಹೋಗುತ್ತದೆ. ಅವರ ರೊಟ್ಟಿ ನಮ್ಮ ಮನೆಗೆ ಬರುತ್ತದೆ. ಸಂಜೆಗೆ ಯಾರ ಮನೆಯಲ್ಲೂ ಅವರವರ ರೊಟ್ಟಿ ಉಳಿದಿರುವುದಿಲ್ಲ, ಎಲ್ಲರ ಮನೆಯಲ್ಲಿ ಎಲ್ಲರ ರೊಟ್ಟಿ. ಎದುರು ಮನೆಯ ಹಸೀಬಾ ಹಬ್ಬ ಮಾಡುವವಳಲ್ಲ, ಅವಳೂ ಅವತ್ತು ಬಡಿಯುತ್ತಾಳೆ. ಬಂದದ್ದಕ್ಕೆ ತಿರುಗಿ ಕೊಡಬೇಕಲ್ಲ. ಸಾವಾದ ಮನೆಗೆ ಮಾತ್ರ ಆ ವರ್ಷ ಹಬ್ಬವಿಲ್ಲ. ಆ ಮನೆಗೆ ತಾಟು ಬರುವುದೂ ಇಲ್ಲ, ಅಲ್ಲಿಂದ ಹೋಗುವುದೂ ಇಲ್ಲ. ಅತ್ತೆ ತೀರಿದ ವರ್ಷ ತಾಟು ಹಿಡಿದ ಹುಡುಗಿಯರು ನಮ್ಮ ಬಾಗಿಲು ದಾಟಿ ಮುಂದೆ ಹೋಗುವುದನ್ನು ನಾನು ನೋಡಿದ್ದೇನೆ.

"ಹಬ್ಬಕ್ಕ ಒಂದಿಷ್ಟು ರೊಟ್ಟಿ ಆರ್ಡರ್ ಕೊಟ್ಟು ಬರ್ಲೇನು? ಓಣ್ಯಾಗ ಹಂಚಾಕ?" ಎಂದು ಯಜಮಾನರು ನಾಗರ ಅಮಾವಾಸ್ಯೆಯ ದಿನ ಕೇಳಿದರು.

"ಕೊಂಡ ರೊಟ್ಟಿ ಹಂಚ್ತೀರಾ? ನನ್ನ ಹೆಸರಿನ ಮ್ಯಾಲೆ? ಅದರಕಿಂತ ಅಲ್ಲೇ ಹುಬ್ಬಳ್ಳಿ ದವಾಖಾನ್ಯಾಗ ಬಿಟ್ಟು ಬರಬೇಕಿತ್ತು ನನ್ನ."

ಅವರು ಅಷ್ಟಕ್ಕೇ ಬಿಟ್ಟು ಚಪ್ಪಲಿ ಮೆಟ್ಟಿಕೊಂಡರು. ನಾನು ಬಿಡಲಿಲ್ಲ. ಅವರು ಅಂಗಡಿಗೆ ಹೋದದ್ದೇ ಹಸೀಬಾಳನ್ನು ಕರೆದು, ಸಜ್ಜೆ ಬೀಸಿಕೊಂಡು ಬರಲು ಗಿರಣಿಗೆ ಕಳಿಸಿದೆ. "ಯಕ್ಕಾ, ಅಣ್ಣಾರಿಗೆ ಗೊತ್ತೈತೇನು?" ಎಂದಳು. "ನಿಮ್ಮ ಅಣ್ಣಾರಿಗೆ ಎಲ್ಲಾ ಗೊತ್ತಿರಬೇಕಂತ ಎಲ್ಲಿ ಐತಿ? ನೀ ಹೋಗು," ಎಂದೆ. ಹಿಟ್ಟಿನ ಡಬ್ಬಿಯನ್ನು ಅಡುಗೆಮನೆಯ ಮೂಲೆಯಲ್ಲಿ ಚೀಲಗಳ ಹಿಂದೆ ಇಡಿಸಿದೆ. ಹಬ್ಬದ ಬೆಳಗ್ಗೆ ಅವರು ಹಾಲು, ಹೂ ತರಲು ಪೇಟೆಗೆ ಹೋಗುತ್ತಾರೆ. ಅಷ್ಟರಲ್ಲಿ ಮನೆಗೊಂದರಂತೆ ಬಡಿದರೂ ಸಾಕು. ಎದೆ ಬಿರಿದರೆ ಬಿರಿಯಲಿ ಎಂದೇ ನಿರ್ಧಾರ ಮಾಡಿದ್ದೆ. ಸುಳ್ಳು ಯಾಕೆ, ಅಂಜಿಕೆಯೂ ಇತ್ತು. ಆದರೆ ಅಂಜಿಕೊಂಡು ಕುಳಿತ ದಿನಗಳು ಸಾಕಾಗಿದ್ದವು.

ಹಬ್ಬದ ಬೆಳಗ್ಗೆ ಅವರು ಚೀಲ ಹಿಡಿದು ಹೊರಟರು. ನಾನು ಮೂಲೆಗೆ ಹೋಗಿ ಚೀಲ ಸರಿಸಿ ನೋಡಿದರೆ ಡಬ್ಬಿ ಇಲ್ಲ. ತಲೆ ಎತ್ತಿದೆ. ಅಟ್ಟದ ಮೇಲೆ, ಎಲ್ಲಕ್ಕಿಂತ ಹಿಂದಿನ ಸಾಲಿನಲ್ಲಿ, ಗೋಡೆಗೆ ಒತ್ತಿ ಇಟ್ಟಿದ್ದರು. ನನ್ನ ಕೈ ಹೆಗಲಿನಿಂದ ಮೇಲೆ ಏಳುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ನೋಡಿ, ಎತ್ತಿ ಇಟ್ಟು, ಚಹಾ ಮಾಡಿ ಕೊಟ್ಟು, ಪೇಟೆಗೆ ಹೋಗಿದ್ದರು.

ಬೈಯಲು ಮನೆಯಲ್ಲಿ ಯಾರೂ ಇರಲಿಲ್ಲ. ಹೋಗಲಿ, ಬೇರೆಯವರ ಮನೆಯಿಂದಲಾದರೂ ಬರುತ್ತದಲ್ಲ, ತೆಗೆದುಕೊಳ್ಳೋಣ, ಕೈ ಬಲಿತ ಮೇಲೆ ಎರಡರಷ್ಟು ಕೊಟ್ಟರಾಯಿತು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಸ್ನಾನ ಮಾಡಿ, ಅವರು ಹೊಲಿದುಕೊಟ್ಟ ಹಸಿರು ಕುಪ್ಪಸ ತೊಟ್ಟು, ಬಂದ ರೊಟ್ಟಿ ಹಾಕಿಕೊಳ್ಳಲು ಹಿತ್ತಾಳೆಯ ದೊಡ್ಡ ತಾಟು ಹುಣಸೆಹಣ್ಣಿನಿಂದ ತಿಕ್ಕಿ ಬಾಗಿಲಲ್ಲಿ ಕುಳಿತೆ.

ಓಣಿಯ ತುಂಬ ಬಡಿತದ ಸಪ್ಪಳ. ಯಾವ ಮನೆಯಲ್ಲಿ ಯಾರು ಬಡಿಯುತ್ತಿದ್ದಾರೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಓಣಿಗೇ ಹಿರಿಯಳಾದ ಬಸವಣ್ಣೆಮ್ಮ ದೊಡ್ಡವ್ವನದು ನಿಧಾನ, ನಡುನಡುವೆ ಬಿಡುವು. ಅವಳಿಗೆ ಮೊಣಕೈ ನೋವು. ಹಸೀಬಾಳದು ಚುರುಕು. ಬಿಸಿಲು ಏರಿದಂತೆ ಸಪ್ಪಳ ಕಡಿಮೆಯಾಗಿ ಬಾಗಿಲುಗಳು ತೆರೆದವು. ತಾಟುಗಳು ಹೊರಬಿದ್ದವು. ದೊಡ್ಡವ್ವನ ಮೊಮ್ಮಗಳು ರಂಜಿತಾ ರೇಷ್ಮೆ ಲಂಗ ಉಟ್ಟು ತಾಟು ಹಿಡಿದು ನಮ್ಮ ಕಡೆಯೇ ಬಂದಳು. ನಾನು ತಾಟನ್ನು ಮುಂದಕ್ಕೆ ಸರಿಸಿ ಇಟ್ಟೆ. ಅವಳು ನನ್ನನ್ನು ನೋಡಿ, ಮುಖ ಕೆಳಗೆ ಹಾಕಿ, ನಮ್ಮ ಬಾಗಿಲು ದಾಟಿ ಮುಂದಿನ ಮನೆಗೆ ಹೋದಳು.

"ಏ ರಂಜಿತಾ!"

"ಮುಂದಿನ ಮನಿಗ್ರಿ ಅತ್ತೀ," ಎಂದು ಓಡಿಬಿಟ್ಟಳು.

ಅವಳ ಹಿಂದೆ ಮತ್ತೊಬ್ಬಳು. ಅವಳೂ ದಾಟಿ ಹೋದಳು. ಆ ಕಡೆಯ ಮನೆಯ ಹೆಂಗಸು ಎರಡು ಸಲ ಓಡಾಡಿದಳು. ಎರಡು ಸಲವೂ ನಮ್ಮ ಬಾಗಿಲು ಬಂದಾಗ ಆಕಾಶ ನೋಡಿದಳು. ಅತ್ತೆ ತೀರಿದ ವರ್ಷ ಹೀಗೆಯೇ ಇತ್ತು, ಆದರೆ ಅವತ್ತು ಸತ್ತವಳು ಒಳಗೆ ಇರಲಿಲ್ಲ. ಇವತ್ತು ನಾನು ಹಸಿರು ಕುಪ್ಪಸ ತೊಟ್ಟು ಬಾಗಿಲಲ್ಲೇ ಕುಳಿತಿದ್ದೆ. ಇವರ ಲೆಕ್ಕದಲ್ಲಿ ನಾನು ಹುಬ್ಬಳ್ಳಿಯಿಂದ ತಿರುಗಿ ಬಂದೇ ಇಲ್ಲವೇನೋ ಅನ್ನಿಸಿತು. ಹಾಗಿದ್ದರೆ ಇಷ್ಟು ನೋವು ತಿಂದು ಬದುಕಿ ಬಂದದ್ದು ಎಲ್ಲಿಗೆ?

ಹಸೀಬಾ ದೊಡ್ಡವ್ವನ ಮನೆಯಿಂದ ತುಂಬಿದ ತಾಟು ಹಿಡಿದು ತನ್ನ ಮನೆಗೆ ಹೊರಟಿದ್ದಳು. ನಾನು ಎದ್ದು ಅಡ್ಡ ನಿಂತೆ.

"ಹಸೀಬಾ, ನನ್ನ ಮುಖ ನೋಡಿ ಹೇಳು. ನಮ್ಮ ಮನ್ಯಾಗ ಯಾರ ಸತ್ತಾರ?"

"ಅಯ್ ಯಕ್ಕಾ, ಎಂಥಾ ಮಾತಾಡ್ತೀರಿ!" ಅವಳು ತಾಟನ್ನು ಎದೆಗೆ ಒತ್ತಿಕೊಂಡಳು. "ಅಣ್ಣಾರ ಹೇಳ್ಯಾರಲ್ರಿ. ನಿನ್ನೆ ಮನಿಮನಿಗೆ ಬಂದು ಕೈ ಮುಗದು ಹೇಳಿ ಹೋಗ್ಯಾರ, ಈ ಸಲ ನಮ್ಮನಿಗೆ ಯಾರೂ ರೊಟ್ಟಿ ತರಬ್ಯಾಡ್ರಿ ಅಂತ. ನಿಮಗ ಗೊತ್ತಿಲ್ಲೇನು?"

ಯಜಮಾನರು ಹೂವಿನ ಪೊಟ್ಟಣ, ಹಾಲು ಹಿಡಿದು ಆಗ ತಾನೇ ಹಿತ್ತಲ ಬಾಗಿಲಿನಿಂದ ಬಂದಿದ್ದರು. ಒಲೆಗೆ ಅನ್ನದ ಎಸರು ಇಡುತ್ತಿದ್ದರು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೂಗಿದ ಕೂಗಿಗೆ ಪಾತ್ರೆ ಅವರ ಕೈಯಿಂದ ಜಾರಿ ನೀರೆಲ್ಲ ಚೆಲ್ಲಿತು.

"ಯಾರನ್ನ ಕೇಳಿ ನನ್ನ ತಿಥಿ ಮಾಡಿದ್ರಿ? ಹೇಳ್ರಿ! ಯಾರನ್ನ ಕೇಳಿ ಓಣಿ ತುಂಬ ಸಾರಿ ಬಂದ್ರಿ?"

"ಸಾವಕಾಶ, ಸಾವಕಾಶ..." ಅವರು ದಿಂಬು ತರಲು ಓಡಿದರು.

"ಆ ದಿಂಬು ಒಲಿಯಾಗ ಹಾಕ್ರಿ!"

ಕೂಗಿಯಾದ ಮೇಲೆ ನನಗೇ ಗೊತ್ತಾಯಿತು. ಎದೆ ತಾಳಿಕೊಂಡಿತ್ತು. ತಂತಿ ಜಗ್ಗಲಿಲ್ಲ. ಕಣ್ಣು ಕತ್ತಲೆ ಬರಲಿಲ್ಲ. ಉಸಿರು ಜೋರಾಗಿತ್ತು, ಅಷ್ಟೇ. ಅದು ನನ್ನ ಮೊದಲಿನ ಉಸಿರೇ. ಖುಷಿಯಾಗಬೇಕಿತ್ತು, ಆದರೆ ಸಿಟ್ಟು ಇನ್ನೂ ಮುಗಿದಿರಲಿಲ್ಲ.

"ಹಿಟ್ಟು ಅಟ್ಟಕ್ಕ ಏರಿಸಿದ್ರಿ, ಸುಮ್ಮನಿದ್ದೆ. ಮಗ್ಗಲಿಗೆ ಮಲಗೂದು ಬಿಟ್ರಿ, ಸುಮ್ಮನಿದ್ದೆ. ಇದ್ದೂ ಸತ್ತಂಗ ಮಾಡಿಟ್ರೆಲ್ಲ! ನಮ್ಮ ಬಾಗಲಾ ದಾಟಿ ಹೋದ್ರು, ದಾಟಿ! ಆ ಕೂಸು ರಂಜಿತಾ ಮಾರಿ ತಗ್ಗಿಸಿ ಓಡಿ ಹೋತು!"

ಅವರು ದಿಂಬು ಹಿಡಿದು ನಿಂತಿದ್ದರು. ನಾನು ಇನ್ನೊಂದು "ಸಾವಕಾಶ" ಕೇಳಲು ತಯಾರಾಗಿದ್ದೆ. ಅವರು ಆ ದಿಂಬನ್ನು ನೆಲಕ್ಕೆ ಬೀಸಿ ಒಗೆದರು.

"ಮತ್ತ ಏನ ಮಾಡ್ಲಿ? ಹೇಳು! ಅವರು ತಂದು ಕೊಟ್ರ ನೀ ಸುಮ್ಮ ಇರಾಕಿ ಏನು? ತಾಟು ಖಾಲಿ ತಿರುಗಿಸಿ ಕಳಸಾಕಿ ಏನು? ಅಟ್ಟ ಏರಿ ಹಿಟ್ಟು ಇಳಸಾಕಿ ನೀ! ಕುರ್ಚಿ ಹಾಕಿ ಏರಾಕಿ! ನಿನ್ನ ನಿಲ್ಲಸೂದು ನನ್ನ ಕೈಲೆ ಎಂದಾರ ಆಗೇತೇನು? ಅದಕ್ಕ ಓಣಿ ನಿಲ್ಲಿಸಿದೆ!"

ಅವರು ಹೀಗೆ ಕೂಗಿದ್ದನ್ನು ಕೇಳಿ ಬಹಳ ದಿನವಾಗಿತ್ತು. ಅವರ ದನಿ ಅಲ್ಲಿಗೇ ಮುರಿಯಿತು.

"ಆಪರೇಷನ್ ಆದ ಮ್ಯಾಲೆ ಒಂದು ನಿಮಿಷ ಒಳಗ ಬಿಟ್ಟಿದ್ರು ನನ್ನ. ನಿನ್ನ ಬಾಯಾಗ ಪೈಪ್ ಹಾಕಿದ್ರು. ಲಗ್ನ ಆದಾಗಿಂದ ಈಕಿ ಬಾಯಿ ಒಂದ ದಿನಾರ ಮುಚ್ಚಲೆಪ್ಪಾ ಅಂತ ಬೇಡಿಕೊಂಡಾವ ನಾ. ಅವತ್ತ ಮುಚ್ಚಿತ್ತು. ನೋಡಾಕ ಆಗಲಿಲ್ಲ, ಗುರುಲಿಂಗಮ್ಮ. ಹೊರಗ ಬಂದು ಗ್ವಾಡಿಗೆ ಹಣಿ ಹಚ್ಚಿ, ಈಕಿ ಎದ್ದು ಬೈದ್ರ ಸಾಕು ಅಂದೆ. ಇನ್ನೊಮ್ಮೆ ಹಂಗ ನೋಡೂ ತಾಕತ್ತಿಲ್ಲ ನನಗ."

ನೆಲದ ಮೇಲೆ ನೀರು ಹರಿದು ನನ್ನ ಕಾಲಿನವರೆಗೆ ಬಂದಿತ್ತು. ಆಸ್ಪತ್ರೆಯಲ್ಲಿ ನನಗೆ ಏನೇನು ಆಯಿತು ಎಂದು ಬಂದವರಿಗೆಲ್ಲ ನೂರು ಸಲ ಹೇಳಿದ್ದೆ. ಇವರಿಗೆ ಏನಾಯಿತು ಎಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

"ಈಗ ಬೈದೆನಲ್ಲ," ಎಂದೆ. "ಎದಿ ಏನಾರ ಒಡೀತೇನು? ನೋಡ್ರಿ ಇಲ್ಲಿ. ಕೈ ಇಟ್ಟು ನೋಡ್ರಿ."

ಅವರು ಕೈ ಚಾಚಿದರು, ಅರ್ಧಕ್ಕೆ ನಿಲ್ಲಿಸಿದರು. ನಾನೇ ಆ ಕೈ ಎಳೆದು ಕುಪ್ಪಸದ ಮೇಲೆ ಇಟ್ಟುಕೊಂಡೆ. ಅವರು ಕೈ ತೆಗೆಯಲಿಲ್ಲ. ಒಳಗೆ ಎದೆ ಹೊಡೆದುಕೊಳ್ಳುತ್ತಿರುವುದು ಅವರ ಕೈಗೂ ತಾಗಿರಬೇಕು.

ಆಮೇಲೆ ಹೊರಗೆ ಬಂದು ಹಿತ್ತಾಳೆಯ ತಾಟಿಗೆ ಕೈ ಹಾಕಿದೆ.

"ಎಲ್ಲಿಗೆ?"

"ನೀವು ಕೈ ಮುಗದು ಬಂದ ಮನಿಗಳಿಗೆ."

"ಖಾಲಿ ತಾಟು ತಗೊಂಡಾ?"

ಖಾಲಿ ತಾಟು ತೆಗೆದುಕೊಂಡು ನಾನು ಜನ್ಮದಲ್ಲಿ ಯಾರ ಬಾಗಿಲಿಗೂ ಹೋದವಳಲ್ಲ. ಒಂದು ಬಟ್ಟಲು ಸಕ್ಕರೆ ತಂದರೂ ಸಂಜೆಗೆ ಗೋಪುರದಂತೆ ತುಂಬಿ ಕಳಿಸಿದವಳು. ಅದು ಅವರಿಗೆ ಗೊತ್ತು. ಹಿತ್ತಾಳೆಯ ತಾಟು ಭಾರವೂ ಇತ್ತು. ಒಂದು ಕ್ಷಣ ನೋಡಿ, "ಹಿಡೀರಿ ಇದನ್ನ," ಎಂದು ಅವರ ಕೈಗೆ ಕೊಟ್ಟೆ.

ಬಸವಣ್ಣೆಮ್ಮ ದೊಡ್ಡವ್ವ ಒಲೆಯ ಮುಂದೆ ಮೊಣಕೈಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಹೊಸ್ತಿಲಲ್ಲಿ ನಮ್ಮಿಬ್ಬರನ್ನೂ ಕಂಡು ಸೆರಗು ಸರಿಮಾಡಿಕೊಂಡಳು. ಕೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಮಾತು ಅವಳನ್ನು ಕಂಡದ್ದೇ ಮರೆತುಹೋಯಿತು. ನಾನು ಬೈಯಬಲ್ಲೆ, ಜಗಳ ಬಿಡಿಸಬಲ್ಲೆ. ಕೊಡು ಎಂದು ಕೇಳಲು ಬರುವುದಿಲ್ಲ.

"ಏನು, ಗಂಡಾ ಹೆಂಡ್ತಿ ತಾಟು ಹಿಡಕೊಂಡು ಬಂದೀರಿ," ಎಂದಳು ದೊಡ್ಡವ್ವ.

"ರೊಟ್ಟಿ ಕೊಡು ದೊಡ್ಡವ್ವ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿದೆ. "ನಾ ತಿರುಗಿ ಕೊಡಾಕ ಆಗೂದಿಲ್ಲ. ಈ ವರ್ಷ ಆಗೂದಿಲ್ಲ. ಆದ್ರೂ ಕೊಡು."

ದೊಡ್ಡವ್ವ ಎದ್ದು ಬಂದಳು. ನನ್ನನ್ನಲ್ಲ, ಯಜಮಾನರನ್ನು ನೋಡಿದಳು.

"ದೇವೇಂದ್ರಪ್ಪ, ನಿನ್ನೆ ನೀ ಬಂದಾಗ ನನಗ ಮಾತ ಬರಲಿಲ್ಲ. ಇವತ್ತ ಬರ್ತೈತಿ, ಕೇಳು. ಈಕಿ ಸತ್ತಿದ್ರ ನಿಮ್ಮ ಮನಿಗೆ ಮೂರ ದಿನ ಬುತ್ತಿ ಹೊತ್ತು ತರ್ತಿದ್ವಿ. ಅವಾಗ ತಿರುಗಿ ಕೊಡ್ರಿ ಅಂತಿದ್ವೇನು? ಬದುಕಿ ಬಂದಾಳಲ್ಲೋ, ಒಂದ ದಿನ ರೊಟ್ಟಿ ತರಾಕ ನಮಗ ಏನ ರೋಗ?"

"ತಪ್ಪಾತು ಬೇ," ಎಂದರು ಯಜಮಾನರು.

"ತಪ್ಪು ಆಮ್ಯಾಲೆ. ತಾಟು ನೆಟ್ಟಗ ಹಿಡಿ."

ಅವಳು ಸಜ್ಜೆ ರೊಟ್ಟಿ ಹಾಕಿದಳು, ಜೋಳದ್ದು ಹಾಕಿದಳು, ಮೇಲೆ ಎಣ್ಣೆಗಾಯಿ ಇಟ್ಟಳು. ರೊಟ್ಟಿಯ ಒಂದು ಅಂಚು ಕರಕಲಾಗಿತ್ತು. ನನ್ನ ಬಾಯಿ ತೆರೆಯಿತು. ದೊಡ್ಡವ್ವ ಬೆರಳು ಎತ್ತಿದಳು.

"ಒಂದ ಮಾತ ಆಡಿದ್ರ ಎಲ್ಲಾ ತಿರುಗಿ ತಗೋತೀನಿ. ನಿನ್ನ ರೊಟ್ಟಿ ಹೆಂಗ ಅಂತ ನಮಗ ಗೊತ್ತೈತಿ. ಈ ವರ್ಷ ನಮ್ಮವನ್ನ ತಿನ್ನು, ಬಾಯಿ ಮುಚ್ಚಿ."

ಬಾಗಿಲ ಸಂದಿಯಲ್ಲಿ ನಿಂತಿದ್ದ ರಂಜಿತಾ ಬಾಯಿಗೆ ಲಂಗ ಒತ್ತಿಕೊಂಡು ನಕ್ಕಳು.

ಅಲ್ಲಿಂದ ಮುಂದಿನ ಮನೆಗೆ ಹೋದೆವು. ಅಲ್ಲಿಂದ ಮುಂದೆ. ನಾನು ಕೇಳುವುದು, ಅವರು ತಾಟು ಹಿಡಿಯುವುದು. ಎರಡನೇ ಮನೆಯಲ್ಲಿ ಕೇಳುವುದು ಮೊದಲನೆಯದಕ್ಕಿಂತ ಸುಲಭವಾಯಿತು. ಆಕಾಶ ನೋಡಿಕೊಂಡು ಹೋದವಳ ಮನೆಯಲ್ಲಿ ಅಂತೂ, "ಮ್ಯಾಲೆ ಏನ ಕಂಡಿತ್ತು ಹೇಳವಾ," ಎಂದೇ ಶುರು ಮಾಡಿದೆ. ಅವಳು ನಾಚಿಕೊಂಡು ಎರಡು ರೊಟ್ಟಿ ಹೆಚ್ಚೇ ಹಾಕಿದಳು. ಒಬ್ಬಳು ಎದೆಯ ಗಾಯ ಎಷ್ಟು ಉದ್ದ ಇದೆ ಎಂದು ಪಿಸುಗುಟ್ಟಿ ಕೇಳಿದಳು, ಬಾಗಿಲ ಹಿಂದೆ ಕರೆದು ತೋರಿಸಿದೆ. ಇಷ್ಟು ದಿನ ಯಾರಿಗೂ ತೋರಿಸಿರಲಿಲ್ಲ. ಅವಳು ಬೆರಳಿನಿಂದ ಕುಪ್ಪಸದ ಅಂಚು ಮುಟ್ಟಿ, "ಕುಪ್ಪಸ ಛಲೋ ಹೊಲದಾರ. ಯಾರ ಹತ್ರ ಹೊಲಿಸಿದಿ?" ಎಂದಳು. ನಾನು ಹೇಳಲಿಲ್ಲ. ಹೇಳಿದ್ದರೆ ನಾಳೆಯೇ ಇಡೀ ಓಣಿಯ ಹೆಂಗಸರು ಅಂಗಡಿಯ ಮುಂದೆ ನಿಲ್ಲುತ್ತಿದ್ದರು. ಆ ಮನುಷ್ಯ ಊರು ಬಿಡುತ್ತಿದ್ದರು.

ತಾಟು ತುಂಬಿ ರೊಟ್ಟಿಯ ಮೇಲೆ ರೊಟ್ಟಿ ಏರಿ ಯಜಮಾನರು ಗದ್ದ ಒತ್ತಿ ಹಿಡಿಯಬೇಕಾಯಿತು. ಹಸೀಬಾಳ ಮನೆಗೆ ಬರುವಷ್ಟರಲ್ಲಿ ನರ ತೆಗೆದ ಕಾಲು ಬಾತು ಬಿಗಿಯಾಗಿತ್ತು. ಬೆನ್ನು ಬೆವೆತಿತ್ತು. ಅವಳ ಮನೆಯ ಕಟ್ಟೆ ಎತ್ತರ, ಮೂರು ಮೆಟ್ಟಿಲು ಹತ್ತಬೇಕು. ಮೊದಲನೆಯದರ ಮೇಲೆ ಕಾಲಿಟ್ಟು ನಿಂತುಬಿಟ್ಟೆ. ಯಜಮಾನರು ನನ್ನ ಮುಖ ನೋಡಿದರು. ಬೇಡ ಎನ್ನುತ್ತಾರೆ ಎಂದುಕೊಂಡೆ. ಅನ್ನಲಿಲ್ಲ. ತುಟಿ ಬಿಗಿಹಿಡಿದು, ತಾಟನ್ನು ಒಂದು ಕೈಗೆ ಮಾಡಿಕೊಂಡು, ಹೆಗಲನ್ನು ನನ್ನ ಕಡೆ ತಗ್ಗಿಸಿ ನಿಂತರು. ಅದರ ಮೇಲೆ ಕೈ ಊರಿ ಹತ್ತಿದೆ.

"ಬರ್ರಿ ಯಕ್ಕಾ, ಒಳಗ ಬರ್ರಿ," ಹಸೀಬಾ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ನಿಮಗಂತ ಬಿಸಿಯವು ಬಡೀಲಾಕತ್ತೀನಿ."

"ಒಳಗ ಬ್ಯಾಡವಾ. ದಣಿವಾಗೇತಿ. ಇಲ್ಲೇ ಕುಂಡ್ರತೀವಿ," ಎಂದೆ.

ದಣಿವಾಗಿದೆ ಎಂದು ನನ್ನ ಬಾಯಿಂದ ಬಂದದ್ದು ಕೇಳಿ ಯಜಮಾನರು ತಿರುಗಿ ನೋಡಿದರು. ಕಟ್ಟೆಯ ಮೇಲೆ ಕುಳಿತೆವು. ಹಗಲು ಹೊತ್ತಿನಲ್ಲಿ, ಓಣಿಯ ಜನರೆಲ್ಲ ಓಡಾಡುವಾಗ, ಹೆಗಲಿಗೆ ಹೆಗಲು ತಾಗಿಸಿ ನಾವು ಹಿಂದೆ ಎಂದೂ ಕುಳಿತಿರಲಿಲ್ಲ. ಅವರು ಸರಿದು ಕೂರಲಿಲ್ಲ. ತಾಟನ್ನು ಇಬ್ಬರ ತೊಡೆಯ ಮೇಲೆ ಅರ್ಧರ್ಧ ಇಟ್ಟು, ಮೇಲಿನ ರೊಟ್ಟಿ ಮುರಿದು, ಎಣ್ಣೆಗಾಯಿ ಹಚ್ಚಿ ಕೊಟ್ಟರು.

"ಹೆಂಗೈತಿ?" ಎಂದರು.

ಅಗಿದೆ. ಹಿಟ್ಟು ಸರಿಯಾಗಿ ನಾದಿರಲಿಲ್ಲ. ಎಳ್ಳು ಒಂದೇ ಕಡೆ ಬಿದ್ದಿತ್ತು.

"ತಿನ್ರಿ ಸುಮ್ಮನ," ಎಂದೆ. ಇನ್ನೊಂದು ತುಂಡಿಗೆ ಕೈ ಚಾಚಿದೆ.

ಒಳಗೆ ಹಸೀಬಾ ಮತ್ತೆ ಬಡಿಯಲು ಶುರು ಮಾಡಿದ್ದಳು. ಉಳಿದ ಮನೆಗಳಿಗೆ ಹೋಗುವುದು ಇನ್ನೂ ಬಾಕಿ ಇತ್ತು. ಅವಸರವೇನಿರಲಿಲ್ಲ.